ತೋಟದ ಹಳೆಯ ಜೀಪು: ಪೆಟ್ರೋಲ್ ಎಂಜಿನ್ ಉಳಿಸಬೇಕೆ?

ಪ್ರಶ್ನೆ (ಸೋಮವಾರಪೇಟೆ): ನಮ್ಮ ಕಾಫಿ ತೋಟದ ಶೆಡ್‌ನಲ್ಲಿ 1968ರ ಮಹೀಂದ್ರ ಸಿಜೆ-3ಬಿ ಜೀಪು ನಿಂತಿದೆ. ಅದನ್ನು ಮತ್ತೆ ಓಡಿಸಬೇಕೆಂಬ ಆಸೆ ಬಲವಾಗಿದೆ. ಮೂಲ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವಂತೆ ಕೆಲವರು ಹೇಳುತ್ತಿದ್ದಾರೆ. ಬಲ್ಲವರು ಸಲಹೆ ನೀಡಬೇಕು.

ಉತ್ತರ (ವಿರಾಜಪೇಟೆ, ಮೆಕ್ಯಾನಿಕ್): ದಯವಿಟ್ಟು ತೆಗೆಸಬೇಡಿ ಅಣ್ಣ. ಅದು 2.2 ಲೀಟರಿನ ಹರಿಕೇನ್ ಎಂಜಿನ್; ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್‌ಗಳು ಮೇಲಿನ ಹೆಡ್ಡಿನಲ್ಲಿಯೂ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳು ಕೆಳಗಿನ ಬ್ಲಾಕಿನಲ್ಲಿಯೂ ಇರುವುದರಿಂದ ಎಂಜಿನ್ ಎತ್ತರವಾಯಿತು, ಅದಕ್ಕೆಂದೇ ಬಾನೆಟ್ಟನ್ನೂ ಎತ್ತರಿಸಿದರು. ಆ ಜೀಪಿನ ಚೆಲುವೇ ಅದು. ಮೊದಲು ಚಾಸಿಸ್, ಅಂದರೆ ಗಾಡಿಯ ಅಡಿ ಚೌಕಟ್ಟು ನೋಡಿ. ನಮ್ಮ ಮಳೆಗಾಲದ ಕೆಸರು ಮೂಲೆಗಳಲ್ಲಿ ಕೂತು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಸ್ಪ್ರಿಂಗ್ ಕೂರುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಭಾಗ ಟಣ್ ಎನ್ನುತ್ತದೆ, ತುಕ್ಕು ತಿಂದ ಭಾಗ ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ.

ಉತ್ತರ (ಮಡಿಕೇರಿ): 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, 50 ವರ್ಷ ದಾಟಿ ಮೂಲ ರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಎಂಜಿನ್ ಬದಲಿಸಿದರೆ ಆ ಅರ್ಹತೆಗೆ ಕುತ್ತು ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ರಸ್ತೆಯಲ್ಲಿ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ಯೋಚಿಸಿ.

ಉತ್ತರ (ಗೋಣಿಕೊಪ್ಪ): ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿಸಿ, ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲ.