ಮನೆ ಇನ್ಶೂರೆನ್ಸ್ ರಿನ್ಯೂವಲ್ ಒಂದೇ ಸಲ 1,250 ಡಾಲರ್ ಏರಿದೆ. ಎಲ್ಲಿಂದ ಶುರುಮಾಡಲಿ?

ಚಾರ್ಮಾಡಿ ಕೇಳಿದ್ದು:
ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿ ಮನೆ. 2008ರಲ್ಲಿ ಕಟ್ಟಿದ್ದು, 2,600 ಚದರಡಿ, ರೂಫ್‌ಗೆ 14 ವರ್ಷ. ಹೋದ ವರ್ಷ ಪ್ರೀಮಿಯಂ 3,900 ಡಾಲರ್ ಇತ್ತು, ಈಗ 5,150. ಡ್ವೆಲಿಂಗ್ ಕವರೇಜ್ (ಮನೆಯ ಕಟ್ಟಡಕ್ಕೆ ಇರುವ ವಿಮೆ ಮೊತ್ತ) 4,80,000 ಇದ್ದದ್ದು 5,40,000 ಆಗಿದೆ. ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ (ಹಾನಿಯಾದಾಗ ನಾವೇ ಭರಿಸಬೇಕಾದ ಪಾಲು) 1% ಇದ್ದದ್ದು 2%. ಕ್ಲೇಮ್ ಒಂದೂ ಇಲ್ಲ. ಇನ್ನು 40 ದಿನ ಇದೆ. ಗೊತ್ತಿರುವವರು ದಯವಿಟ್ಟು ತಿಳಿಸಿ.

ಕಪ್ಪತಗುಡ್ಡ:
ಎರಡೂ ವರ್ಷದ ಡಿಕ್ಲರೇಶನ್ ಪೇಜ್ (ಕವರೇಜ್, ಡಿಡಕ್ಟಿಬಲ್, ಪ್ರೀಮಿಯಂ ಎಲ್ಲ ಇರುವ ಪಾಲಿಸಿಯ ಸಾರಾಂಶ ಪುಟ) ಪಕ್ಕಪಕ್ಕ ಇಟ್ಟುಕೊಳ್ಳಿ. ಏರಿಕೆಯಲ್ಲಿ ಎರಡು ಪಾಲು ಬೆರೆತಿವೆ. ಅದನ್ನು ಬೇರ್ಪಡಿಸದೆ ಏಜೆಂಟ್‌ಗೆ ಫೋನ್ ಮಾಡಿದರೆ "ಎಲ್ಲ ಕಡೆ ಏರಿದೆ" ಅನ್ನುವ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ.

ಪ್ರೀಮಿಯಂ ಅನ್ನು ಡ್ವೆಲಿಂಗ್ ಕವರೇಜಿನಿಂದ ಭಾಗಿಸಿ. ಹೋದ ವರ್ಷ ಸಾವಿರ ಡಾಲರ್ ಕವರೇಜಿಗೆ 8.13 ಡಾಲರ್ ಕೊಟ್ಟಿದ್ದೀರಿ, ಈ ವರ್ಷ 9.54. ಅಂದರೆ ಕವರೇಜ್ ಏರಿದ್ದು 12.5%, ದರ ಏರಿದ್ದು ಸುಮಾರು 17%. ಎರಡೂ ಸೇರಿ 32%. ದರದ ಪಾಲು ಕಂಪನಿಯ ತೀರ್ಮಾನ, ಅದಕ್ಕೆ ಮದ್ದು ಬೇರೆ ಕಂಪನಿಯೇ. ಕವರೇಜಿನ ಪಾಲನ್ನು ಮಾತ್ರ ನೀವು ಪ್ರಶ್ನಿಸಬಹುದು. ಇನ್‌ಫ್ಲೇಶನ್ ಗಾರ್ಡ್ ಅನ್ನುವ ಕಲಮಿನ ಪ್ರಕಾರ ಅದು ಪ್ರತಿ ವರ್ಷ ತಾನೇ ಏರುತ್ತದೆ. ಕೆಳಗಿನ ಅಂಕಿಗಳೆಲ್ಲ ಅದರ ಬಾಲ ಹಿಡಿದು ಹೋಗುತ್ತವೆ: ಶೆಡ್ ಮತ್ತು ಬೇಲಿಗೆ ಸಾಮಾನ್ಯವಾಗಿ ಅದರ 10%, ಸಾಮಾನಿಗೆ 50ರಿಂದ 70%.

ಏಜೆಂಟ್ ಹತ್ತಿರ ರಿಪ್ಲೇಸ್‌ಮೆಂಟ್ ಕಾಸ್ಟ್ ವರ್ಕ್‌ಶೀಟ್, ಅಂದರೆ ಮನೆ ಮತ್ತೆ ಕಟ್ಟುವ ಖರ್ಚಿನ ಲೆಕ್ಕದ ಹಾಳೆ ಕೇಳಿ. ಅದರಲ್ಲಿ ಚದರಡಿ, ಗ್ಯಾರೇಜ್ ಎಷ್ಟು ಕಾರಿನದು, ಒಳಗಿನ ಫಿನಿಶ್ "ಸ್ಟ್ಯಾಂಡರ್ಡ್" ಅಂತಿದೆಯೋ "ಕಸ್ಟಮ್" ಅಂತಿದೆಯೋ, ರೂಫ್ ಹಾಕಿದ ವರ್ಷ ಯಾವುದು, ಇವಿಷ್ಟು ನೋಡಿ. ರೂಫ್ ಬದಲಾಗಿದ್ದರೂ ದಾಖಲೆಯಲ್ಲಿ ಮನೆ ಕಟ್ಟಿದ ವರ್ಷವೇ ಉಳಿದಿರುವುದು ತೀರಾ ಸಾಮಾನ್ಯ. ನಿಮ್ಮದೇ ನೋಡಿ, 2008 ಅಂತಿದ್ದರೆ ರೂಫ್‌ನ ವಯಸ್ಸು ಸುಮ್ಮನೆ ಜಾಸ್ತಿ ಎಣಿಕೆಯಾಗುತ್ತಿರುತ್ತದೆ. ರೂಫರ್ ಕೊಟ್ಟ ಬಿಲ್ ಕಳಿಸಿ ಸರಿಪಡಿಸಿ.

ಆದರೆ ಮಾರುಕಟ್ಟೆ ಬೆಲೆ ನೋಡಿ ಕವರೇಜ್ ಇಳಿಸಬೇಡಿ. ಅದರಲ್ಲಿ ಜಾಗದ ಬೆಲೆಯೂ ಇದೆ, ಇನ್ಶೂರೆನ್ಸ್ ಇರುವುದು ಮತ್ತೆ ಕಟ್ಟುವ ಖರ್ಚಿಗೆ. ಬಹುತೇಕ ಪಾಲಿಸಿಗಳಲ್ಲಿ ಕವರೇಜ್ ಆ ಖರ್ಚಿನ 80%ಕ್ಕಿಂತ ಕೆಳಗಿದ್ದರೆ ಅಡಿಗೆಮನೆಯ ಸಣ್ಣ ಬೆಂಕಿಗೂ ಪೂರ್ತಿ ಹಣ ಬರುವುದಿಲ್ಲ.

ಶರಾವತಿ:
2% ಹಾಗೇ ಇರಲಿ, ಬೇಕಾದರೆ ರೂಫನ್ನೂ ಏಸಿವಿಗೆ (ಸವಕಳಿ ಕಳೆದು ಹಣ ಕೊಡುವ ಲೆಕ್ಕಕ್ಕೆ) ಹಾಕಿಸಿ. ಪ್ರೀಮಿಯಂ ತಟ್ಟನೆ ಇಳಿಯುತ್ತೆ. ಕ್ಲೇಮೇ ಮಾಡದವರಿಗೆ ಅಷ್ಟು ಸಾಕು.

ಹಳೇ ಹುಬ್ಬಳ್ಳಿ:
ಹಂಗಲ್ರಿ ಶರಾವತಿಯವರೆ. ಡಲ್ಲಾಸ್ ಕಡೆ ಇನ್ಶೂರೆನ್ಸ್ ಅಂದ್ರ ಮುಕ್ಕಾಲು ಪಾಲು ರೂಫಿನ ಸಲುವಾಗೇ. ಒಂದು ಲೆಕ್ಕ ಹಾಕೋಣು.

ಡಿಡಕ್ಟಿಬಲ್ ಪರ್ಸೆಂಟ್ ಅನ್ನೋದು ಹಾನಿ ಮ್ಯಾಲಲ್ಲ, ಡ್ವೆಲಿಂಗ್ ಕವರೇಜ್ ಮ್ಯಾಲ. 5,40,000ಕ್ಕ 2% ಅಂದ್ರ 10,800 ಡಾಲರ್. ರೂಫ್ ಬದಲಿಸಾಕ 22,000 ಆಗ್ತೈತಿ ಅನ್ಕೋರಿ. ಏಸಿವಿ ಅಂದ್ರ ಸವಕಳಿ ಕಳದು ಕೊಡೂದು. 20 ವರ್ಷದ ಆಯುಷ್ಯದಾಗ 14 ವರ್ಷ ಮುಗದಾವು ಅಂತ 70% ಹಾರಿಸಿದ್ರ ಉಳಿಯೂದು 6,600. ಅದರಾಗ 10,800 ಕಳೀರಿ. ಸೊನ್ನೀಗಿಂತ ಕೆಳಗ! ಪ್ರೀಮಿಯಂ ಕಟ್ಟಿ, ಆಲಿಕಲ್ಲಿಗೆ ಕವರೇಜೇ ಇಲ್ಲದಂಗ ಕುಂತಂಗಾತು. ಅದೇ ಆರ್‌ಸಿವಿ (ಸವಕಳಿ ಕಳೀದ ಹೊಸದರ ಪೂರ್ತಿ ಖರ್ಚು ಕೊಡೂದು) ಮತ್ತ 1% ಇದ್ರ 22,000ದಾಗ 5,400 ಕಳದು 16,600 ಬರ್ತೈತಿ. ಅದೂ ಎರಡು ಕಂತಿನಾಗ: ಮೊದಲು ಸವಕಳಿ ಹಿಡಕೊಂಡು ಉಳದದ್ದು, ಕೆಲಸ ಮುಗಿಸಿ ಬಿಲ್ ಕೊಟ್ಟ ಮ್ಯಾಲ ಬಾಕಿ. ಆ ಬಾಕಿ ಕೇಳಾಕ ಗಡುವು ಇರ್ತೈತಿ, ಪಾಲಿಸಿಯೊಳಗ ಓದ್ಕೋರಿ.

ಅದಕ್ಕ 1% ಮತ್ತ 2% ಎರಡಕ್ಕೂ ಕೋಟ್ (ಪ್ರೀಮಿಯಂ ಎಷ್ಟು ಅನ್ನೋ ಅಂದಾಜು) ತರಸ್ರಿ. ವ್ಯತ್ಯಾಸ ವರ್ಷಕ್ಕ 450 ಡಾಲರ್ ಬಂತು ಅನ್ನೋಣು. ಹೆಚ್ಚಿಗಿ ಮೈಮ್ಯಾಲ ಹಾಕೊಂಡದ್ದು 5,400. ಹನ್ನೆರಡು ವರ್ಷ ದೊಡ್ಡ ಆಲಿಕಲ್ಲು ಬೀಳದಿದ್ರ ಸಮ. ಆ ಭಾಗದಾಗ ಹನ್ನೆರಡು ವರ್ಷ ಸುಮ್ಮನಿರೂ ಆಕಾಶ ಇಲ್ರಿ. ಬೆಂಕಿ, ನೀರು ಇಂಥಾದ್ದಕ್ಕ ಇರೂ ಇನ್ನೊಂದು ಡಿಡಕ್ಟಿಬಲ್ ಬೇಕಾದ್ರ ಏರಸ್ರಿ. ಅಂಥಾ ಘಟನೆ ಅಪರೂಪ.

ರೂಫ್ ಹೆಂಗೂ ಬದಲಿಸೂದಿದ್ರ ಕ್ಲಾಸ್ 4 ಶಿಂಗಲ್ಸ್ (ರೂಫಿಗೆ ಹೊದಿಸೂ ಹಾಳಿ) ಹಾಕಸ್ರಿ. ಯುಎಲ್ 2218 ಪರೀಕ್ಷೆಯಾಗ ಎರಡಿಂಚಿನ ಉಕ್ಕಿನ ಗುಂಡು 20 ಅಡಿ ಮ್ಯಾಲಿಂದ ಒಂದೇ ಜಾಗಕ್ಕ ಎರಡು ಸಲ ಬಿದ್ರೂ ಒಡೀಬಾರ್ದು, ಅದು ಕ್ಲಾಸ್ 4. ಟೆಕ್ಸಸ್‌ದಾಗ ಇದಕ್ಕ ರಿಯಾಯ್ತಿ ಸಿಗ್ತೈತಿ, ಆದ್ರ ತಾನಾಗೇ ಬರೂದಿಲ್ಲ. ರೂಫರ್ ಸಹಿ ಹಾಕಿದ ಫಾರ್ಮ್ ಮತ್ತ ಶಿಂಗಲ್ಸ್ ಕಟ್ಟಿನ ಲೇಬಲ್ ಫೋಟೋ ಕಳಿಸಬೇಕು. ಕೆಲಸ ಮುಗದ ಮ್ಯಾಲ ಲೇಬಲ್ ಹುಡುಕಿದ್ರ ಸಿಗೂದಿಲ್ಲ. ಮೆಟಲ್ ರೂಫ್ ಆದ್ರ ಕಾಸ್ಮೆಟಿಕ್ ಡ್ಯಾಮೇಜ್ ಎಕ್ಸ್‌ಕ್ಲೂಶನ್ ಐತೇನು ನೋಡ್ರಿ. ಅದಿದ್ರ ತಗ್ಗು ಬಿದ್ರೂ ಸೋರದಿದ್ರ ದುಡ್ಡಿಲ್ಲ.

ಆಲಿಕಲ್ಲು ಬಿದ್ದ ಮರುದಿನ ಬಾಗಲಾ ಬಡದು "ಡಿಡಕ್ಟಿಬಲ್ ನಾವೇ ನೋಡ್ಕೋತೇವಿ" ಅನ್ನೋ ರೂಫರ್ ಮಾತು ಕೇಳಬ್ಯಾಡ್ರಿ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ದಾಗ ಅದು ಅಪರಾಧ. ಡಿಡಕ್ಟಿಬಲ್ ನೀವೇ ಕಟ್ಟಿದ ಪುರಾವೆ ಕೊಡ್ರಿ ಅಂತ ಕಂಪನಿ ಕೇಳಬಹುದು, ಅದಿಲ್ಲದಿದ್ರ ಸವಕಳಿ ಬಾಕಿ ತಡಹಿಡೀಬಹುದು.

ಶರಾವತಿ:
ಒಪ್ಪಿದೆ. ಏಸಿವಿ ಮತ್ತು 2% ಜೊತೆಯಾದರೆ ಏನಾಗುತ್ತೆ ಅಂತ ನಾನು ಲೆಕ್ಕ ಹಾಕಿರಲಿಲ್ಲ.

ನೇತ್ರಾವತಿ:
ಕೋಟ್ ತರಿಸುವ ವಿಷಯಕ್ಕೆ ಬರುತ್ತೇನೆ. 40 ದಿನ ಸಾಕಷ್ಟಾಯಿತು. ಒಂದೇ ಕಂಪನಿಯ ಏಜೆಂಟ್ ಆ ಕಂಪನಿಯದಷ್ಟೇ ಕೊಡಬಲ್ಲರು. ಹಾಗಾಗಿ ಹಲವು ಕಂಪನಿಗಳ ಪಾಲಿಸಿ ಮಾರುವ ಇಬ್ಬರು ಇಂಡಿಪೆಂಡೆಂಟ್ ಏಜೆಂಟ್‌ಗಳನ್ನು ಹಿಡಿಯಿರಿ. ಮೊದಲೇ ಅವರ ಕಂಪನಿಗಳ ಪಟ್ಟಿ ಕೇಳಿಕೊಂಡರೆ ಒಂದೇ ಕಂಪನಿಗೆ ಇಬ್ಬರೂ ಅರ್ಜಿ ಹಾಕುವ ಗೊಂದಲ ತಪ್ಪುತ್ತದೆ. ಈಗಿನ ಡಿಕ್ಲರೇಶನ್ ಪೇಜ್ ಕೊಟ್ಟು "ಇದೇ ಕವರೇಜ್, ಇದೇ ಡಿಡಕ್ಟಿಬಲ್‌ಗೆ ಕೊಡಿ" ಎನ್ನಿ. ಟೆಕ್ಸಸ್ ಇನ್ಶೂರೆನ್ಸ್ ಇಲಾಖೆಯ ಹೆಲ್ಪ್‌ಇನ್ಶೂರ್ ತಾಣದಲ್ಲಿ ಮಾದರಿ ದರಗಳ ಜೊತೆಗೆ ಪ್ರತಿ ಕಂಪನಿಯ ದೂರಿನ ಸೂಚ್ಯಂಕವೂ ಇರುತ್ತದೆ. 1 ಅಂದರೆ ಸರಾಸರಿ, ಅದಕ್ಕಿಂತ ತುಂಬ ಮೇಲಿದ್ದರೆ ಯೋಚಿಸಿ.

ಅನುಮಾನ ಬರುವಷ್ಟು ಅಗ್ಗದ ಕೋಟ್ ಬಂದರೆ ಎರಡು ಕಡೆ ಕಣ್ಣು ಹಾಯಿಸಿ. ಒಂದು, ಪಾಲಿಸಿಯ ಹೆಸರು. ಎಚ್‌ಓ-ಎ ಎಂದಿದ್ದರೆ ಪಟ್ಟಿ ಮಾಡಿದ ಅಪಾಯಗಳಿಗೆ ಮಾತ್ರ, ಅದೂ ಸವಕಳಿ ಕಳೆದು. ನಿಮಗೆ ಬೇಕಾದದ್ದು ಎಚ್‌ಓ-3 ಥರದ್ದು, ಅಂದರೆ ಹೊರಗಿಟ್ಟ ಅಪಾಯಗಳನ್ನು ಬಿಟ್ಟು ಉಳಿದವಕ್ಕೆಲ್ಲ ಕಟ್ಟಡಕ್ಕೆ ರಕ್ಷಣೆ ಇರುವಂಥದ್ದು. ಇನ್ನೊಂದು, ಬಿಲ್ಲಿನಲ್ಲಿ 4.85% ತೆರಿಗೆಯ ಸಾಲು. ಅದಿದ್ದರೆ ಸರ್ಪ್ಲಸ್ ಲೈನ್ಸ್ ಕಂಪನಿ, ಅಂದರೆ ರಾಜ್ಯದ ಸಾಮಾನ್ಯ ಲೈಸೆನ್ಸ್ ಇಲ್ಲದ್ದು. ಅದು ದಿವಾಳಿಯಾದರೆ ರಾಜ್ಯದ ಗ್ಯಾರಂಟಿ ಸಂಸ್ಥೆ ಕ್ಲೇಮ್ ಕಟ್ಟಿಕೊಡುವುದಿಲ್ಲ. ಬೇರೆ ದಾರಿ ಇರುವಾಗ ಅದರ ಗೊಡವೆ ಬೇಡ.

ಕಾರು ಮತ್ತು ಮನೆ ಜೋಡಿಸಿದರೆ ರಿಯಾಯ್ತಿ ಅನ್ನುತ್ತಾರಲ್ಲ, ಎರಡರ ಒಟ್ಟು ಮೊತ್ತ ಕೂಡಿ ನೋಡಿ. ಮನೆಯದ್ದು ಇಳಿಸಿ ಕಾರಿನದ್ದು ಏರಿಸಿದ ಕೋಟ್‌ಗಳೂ ಬರುತ್ತವೆ.

ಕ್ಲೇಮ್ ಇಲ್ಲ ಎಂದಿರಿ. ದಾಖಲೆಯಲ್ಲಿ ಹಾಗೇ ಇದೆಯೇ? ಲೆಕ್ಸಿಸ್‌ನೆಕ್ಸಿಸ್ ಅನ್ನುವ ಮಾಹಿತಿ ಕಂಪನಿ ಇಟ್ಟುಕೊಂಡಿರುವ ಕ್ಲೂ ವರದಿಯಲ್ಲಿ 7 ವರ್ಷದ ಕ್ಲೇಮ್‌ಗಳಿರುತ್ತವೆ. ವರ್ಷಕ್ಕೊಮ್ಮೆ ಉಚಿತವಾಗಿ ತರಿಸಬಹುದು. ಹಿಂದಿನ ಮಾಲೀಕರ ಕ್ಲೇಮ್, ಒಂದು ಡಾಲರೂ ಕೊಡದೆ ಮುಚ್ಚಿದ ಕ್ಲೇಮ್ ಕೂಡ ಅಲ್ಲಿ ಕೂತಿರಬಹುದು. ಡಿಡಕ್ಟಿಬಲ್‌ಗಿಂತ ಸ್ವಲ್ಪವೇ ಮೇಲಿರುವ ಹಾನಿಗೆ ಕ್ಲೇಮ್ ಹಾಕಬೇಡಿ ಅನ್ನುವುದು ಇದಕ್ಕೇ. ಟೆಕ್ಸಸ್‌ನಲ್ಲಿ ಕ್ರೆಡಿಟ್ ಆಧಾರದ ಸ್ಕೋರ್ ಕೂಡ ದರಕ್ಕೆ ಸೇರುತ್ತದೆ. ಕೋಟ್ ಕೇಳಿದ್ದಕ್ಕೆ ಕ್ರೆಡಿಟ್ ಸ್ಕೋರ್ ಇಳಿಯುವುದಿಲ್ಲ, ಆ ಹೆದರಿಕೆ ಬೇಡ.

ಚಾರ್ಮಾಡಿ:
ಎಲ್ಲರಿಗೂ ಧನ್ಯವಾದ. ಕಂಪನಿ ಬದಲಿಸಿದರೆ ಎಸ್ಕ್ರೋ (ಸಾಲದ ಕಂತಿನ ಜೊತೆ ಕಟ್ಟಿಸಿಕೊಂಡು ಸಾಲದ ಕಂಪನಿಯೇ ಇನ್ಶೂರೆನ್ಸ್ ಕಟ್ಟುವ ಖಾತೆ) ಕಥೆ ಏನು? ಮತ್ತೆ ಡಿಸೆಂಬರ್‌ನಲ್ಲಿ ಎರಡೂವರೆ ತಿಂಗಳು ಊರಿಗೆ ಹೋಗುವುದಿದೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಕಪ್ಪತಗುಡ್ಡ:
ಎಸ್ಕ್ರೋದಲ್ಲಿ ಕ್ರಮ ತಪ್ಪಬಾರದು. ಮೊದಲು ಹೊಸ ಪಾಲಿಸಿಯ ಬೈಂಡರ್ (ಕವರೇಜ್ ಶುರುವಾಗುವುದಕ್ಕೆ ತಾತ್ಕಾಲಿಕ ಪುರಾವೆ ಪತ್ರ) ಕೈಗೆ ಬರಬೇಕು. ಅದರಲ್ಲಿ ಮಾರ್ಟ್‌ಗೇಜೀ ಜಾಗದಲ್ಲಿ ಸಾಲ ನಿರ್ವಹಿಸುವ ಕಂಪನಿಯ ಹೆಸರು, ವಿಳಾಸ, ಸಾಲದ ನಂಬರ್ ಅಕ್ಷರ ಬಿಡದೆ ಸರಿ ಇರಬೇಕು. ಅದನ್ನು ಏಜೆಂಟ್ ಕಳಿಸುತ್ತಾರೆ, ನೀವೂ ಅವರ ಪೋರ್ಟಲ್‌ಗೆ ಹಾಕಿ. ಹಳೆಯದನ್ನು ಅದೇ ದಿನಾಂಕಕ್ಕೆ ರದ್ದು ಮಾಡಲು ಬರಹದಲ್ಲಿ ಕೇಳುವುದು ಕೊನೆಯ ಹೆಜ್ಜೆ. ಎಸ್ಕ್ರೋದಿಂದ ಹಳೆ ಕಂಪನಿಗೆ ಅಷ್ಟರಲ್ಲೇ ಹಣ ಹೋಗಿದ್ದರೆ ಮರುಪಾವತಿ ಚೆಕ್ ನಿಮ್ಮ ಹೆಸರಿಗೇ ಬರಬಹುದು. ಖರ್ಚು ಮಾಡಬೇಡಿ, ಎಸ್ಕ್ರೋಗೇ ಹಾಕಿ. ಇಲ್ಲದಿದ್ದರೆ ಮುಂದಿನ ಎಸ್ಕ್ರೋ ಅನಾಲಿಸಿಸ್‌ನಲ್ಲಿ ಕೊರತೆ ತೋರಿಸಿ ತಿಂಗಳ ಕಂತು ಏರುತ್ತದೆ.

ಕಾಗದ ತಲುಪದಿದ್ದರೆ ಸಾಲದ ಕಂಪನಿಯೇ ನಿಮ್ಮ ತಲೆಗೆ ಫೋರ್ಸ್-ಪ್ಲೇಸ್ಡ್ ಇನ್ಶೂರೆನ್ಸ್ ಕಟ್ಟುತ್ತದೆ. ಅದು ದುಬಾರಿ, ಕಾಯುವುದು ಅವರ ಸಾಲವನ್ನೇ ಹೊರತು ನಿಮ್ಮ ಸಾಮಾನನ್ನಲ್ಲ. ಅದರ ಹಣ ಹಾಕುವ 45 ದಿನ ಮೊದಲು ಅವರು ನೋಟಿಸ್ ಕಳಿಸಲೇಬೇಕು. ನೀವು ಪುರಾವೆ ಕೊಟ್ಟರೆ 15 ದಿನದೊಳಗೆ ರದ್ದು ಮಾಡಿ, ಎರಡೂ ಪಾಲಿಸಿ ಇದ್ದ ದಿನಗಳ ಹಣ ಹಿಂತಿರುಗಿಸಬೇಕು.

ನೇತ್ರಾವತಿ:
ಊರಿಗೆ ಹೋಗುವುದಕ್ಕೂ ಇದಕ್ಕೂ ಚೆನ್ನಾಗಿಯೇ ಸಂಬಂಧ ಉಂಟು. ಹಲವು ಪಾಲಿಸಿಗಳಲ್ಲಿ 60 ದಿನ ಮೀರಿ ಮನೆ ಖಾಲಿ ಇದ್ದರೆ ಕೆಲವು ಕವರೇಜ್ ನಿಲ್ಲುತ್ತವೆ. ಸಾಮಾನು ಹಾಗೇ ಇದ್ದು ಜನ ಮಾತ್ರ ಇಲ್ಲದ್ದು ಬೇರೆ, ಪೂರ್ತಿ ಖಾಲಿ ಮಾಡಿದ್ದು ಬೇರೆ ಎಂದು ಪಾಲಿಸಿ ಎಣಿಸುತ್ತದೆ. ನಿಮ್ಮದರಲ್ಲಿ ಹೇಗಿದೆ ಎಂದು ಕಂಪನಿಗೆ ಇಮೇಲ್ ಮಾಡಿ ಉತ್ತರ ಇಟ್ಟುಕೊಳ್ಳಿ. ಚಳಿಗಾಲವಾದ್ದರಿಂದ ಹೀಟಿಂಗ್ ಆನ್ ಇರಬೇಕು, ಇಲ್ಲವೇ ನೀರಿನ ಮುಖ್ಯ ವಾಲ್ವ್ ಮುಚ್ಚಿ ಪೈಪ್ ಬರಿದು ಮಾಡಿರಬೇಕು. ಎರಡೂ ಮಾಡದೆ ಪೈಪ್ ಹೆಪ್ಪುಗಟ್ಟಿ ಒಡೆದರೆ ಕ್ಲೇಮ್ ತಿರಸ್ಕರಿಸಲು ಕಾರಣ ಸಿಕ್ಕಿತೆಂದೇ ಲೆಕ್ಕ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿದ್ಯುತ್ ಹೋಗಿ ಟೆಕ್ಸಸ್‌ನ ಎಷ್ಟು ಮನೆಗಳ ಪೈಪ್ ಒಡೆಯಿತು ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಹೀಟಿಂಗ್ ಇದ್ದರೂ ವಾಲ್ವ್ ಮುಚ್ಚಿ ಹೋಗುವುದು ವಾಸಿ. ತಾನಾಗಿ ನೀರು ನಿಲ್ಲಿಸುವ ಲೀಕ್ ಸೆನ್ಸರ್‌ಗೆ ರಿಯಾಯ್ತಿ ಇದೆಯೇ ಎಂದೂ ಕೇಳಿ.

ಉಳಿತಾಯದ ಆಸೆಗೆ ಚರಂಡಿ ನೀರು ಹಿಂದಕ್ಕೆ ಬರುವುದು ಮತ್ತು ಸ್ಲ್ಯಾಬ್ ಕೆಳಗಿನ ಪೈಪ್ ಸೋರುವುದು, ಈ ಎರಡರ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸಿದ ಹೆಚ್ಚುವರಿ ಕವರೇಜ್) ಕಿತ್ತುಹಾಕಬೇಡಿ. ಪ್ರವಾಹಕ್ಕೆ ಪಾಲಿಸಿ ಬೇರೆಯೇ. ಸರ್ಕಾರದ ಎನ್‌ಎಫ್‌ಐಪಿ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಜಾರಿಗೆ ಬರುವುದು, ಮೋಡ ಕಂಡ ಮೇಲೆ ಕೊಂಡರೆ ಪ್ರಯೋಜನವಿಲ್ಲ.

ಹಳೇ ಹುಬ್ಬಳ್ಳಿ:
ಇನ್ನೊಂದು ಐತ್ರಿ, ನಮ್ಮ ಮಂದಿ ಮರೀತಾರ. ಸಾಮಾನಿಗೆ ಮೂರು ಲಕ್ಷ ಡಾಲರ್ ಕವರೇಜ್ ಇದ್ರೂ ಆಭರಣ ಕಳುವಾದ್ರ ಅನೇಕ ಪಾಲಿಸಿಯೊಳಗ ಮಿತಿ 1,500ರಿಂದ 2,500 ಡಾಲರ್ ಅಷ್ಟ. ಎರಡು ಬಳಿಗೂ ಸಾಲೂದಿಲ್ಲ. ದೇವರ ಮನಿ ಬೆಳ್ಳಿ ಸಾಮಾನಿಗೂ ಬ್ಯಾರೆ ಮಿತಿ ಇರ್ತೈತಿ. ಮನಿಯೊಳಗ ಇಡೂ ಬಂಗಾರನ ಅಪ್ರೇಸಲ್ (ಬೆಲಿ ಕಟ್ಟಿಸೂದು) ಮಾಡಿಸಿ, ತೂಕ ಮತ್ತ ಫೋಟೋ ಸಮೇತ ಶೆಡ್ಯೂಲ್ ಮಾಡಸ್ರಿ, ಅಂದ್ರ ಒಂದೊಂದೂ ಹೆಸರ್ ಹಿಡದು ಪಾಲಿಸಿಯೊಳಗ ಬರಸ್ರಿ. ಹೊಸ ಕಂಪನಿಗೆ ಹೋದ್ರ ಹಳೇ ಶೆಡ್ಯೂಲ್ ಹಿಂದ ಬರೂದಿಲ್ಲ, ಮತ್ತ ಕೊಡಬೇಕು. ಊರಿಗೆ ಹೋಗೂಕಿಂತ ಮೊದಲ ಮುಗಸ್ರಿ.