ಬೀದರ್ ವಾಯುನೆಲೆಯ ಬ್ಯಾಸಿಗಿ ಶಿಬಿರ: ಮಕ್ಕಳನ್ನ ನೋಡ್ಕೊಳ್ಳೋ ಕೆಲಸಕ್ಕ ಏನೇನು ತಯಾರಿ ಬೇಕ್ರಿ?

ಪ್ರಶ್ನೆ (ಭಾಲ್ಕಿ)
ನಮಸ್ಕಾರ್ರಿ. ತಂಗಿದು ಬಿ.ಇಡಿ ಮುಗದದ. ಬೀದರ್ ವಾಯುಪಡೆ ನೆಲೆಯೊಳಗ ರಜಾದಾಗ 6ರಿಂದ 12 ವರ್ಷದ ಮಕ್ಕಳ ಶಿಬಿರಕ್ಕ ಮೇಲ್ವಿಚಾರಕಿ ಆಗಿ ಹೋಗಬೇಕಂತಾಳ. ಕಾಗದಪತ್ರ ಏನು ಬೇಕು, ದಿನದ ಕೆಲಸ ಹ್ಯಾಂಗಿರ್ತದ ಹೇಳ್ರಿ.

ಉತ್ತರ (ಬೀದರ್)
ಪೊಲೀಸ್ ಪರಿಶೀಲನಾ ಪತ್ರಕ್ಕ ಸೇವಾ ಸಿಂಧುದಾಗ ಈಗಲೇ ಅರ್ಜಿ ಹಾಕ್ರಿ, ಕರೆ ಬರೋತನಕ ಕಾಯಬ್ಯಾಡ್ರಿ. ಆಧಾರ್‌ನಾಗ ಒಂದು ವಿಳಾಸ, ಇರೋದು ಇನ್ನೊಂದು ಕಡೆ ಅಂದ್ರ ಅರ್ಜಿ ಅಲ್ಲೇ ನಿಲ್ತದ. ಗೇಟಿಗೆ ಅಸಲಿ ಆಧಾರ್ ಒಯ್ಯಬೇಕು, ಬರೀ ಜೆರಾಕ್ಸ್ ನಂಬ್ಕೊಂಡು ಹೋಗಬ್ಯಾಡ್ರಿ. ಒಳಗ ಫೋಟೋ ಬ್ಯಾಡ, ಮಕ್ಕಳದ್ದೂ ಬ್ಯಾಡ. ಅದು 1923ರ ಅಧಿಕೃತ ರಹಸ್ಯ ಕಾಯ್ದೆಗೆ ಒಳಪಡೋ ಜಾಗ. ಗೌರವಧನ ದಿನದ ಲೆಕ್ಕಕ್ಕೋ, ಪೂರ್ತಿ ಶಿಬಿರಕ್ಕೋ ಅನ್ನೋದನ್ನ ಬರವಣಿಗೆಯೊಳಗ ತಗೋರಿ.

ಉತ್ತರ (ಕಲಬುರಗಿ)
ಆಟ ಆಡಿಸೋದು ಆಮ್ಯಾಲಿನ ಮಾತು, ತಲಿ ಎಣಿಸೋದು ಮೊದಲಿನ ಕೆಲಸ. ಹಾಜರಿ ಪುಸ್ತಕ ನೋಡಿ ಹೆಸರು ಕೂಗಿದ್ರ ಗೆಳೆಯನ ಪರವಾಗಿ ಇನ್ನೊಂದು ಹುಡುಗ ‘ಹ್ಞೂಂ’ ಅಂತಾನ. ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ಭುಜ ಮುಟ್ಟಿ ಎಣಿಸಬೇಕು. ಕೋಣೆ ಬದಲಿಸಿದಾಗ, ನೀರಿಗೆ ಹೋಗಿ ಬಂದಾಗ, ಮೈದಾನದಿಂದ ಒಳಗ ಬಂದಾಗ, ಪ್ರತಿ ಸಲ. ಲೆಕ್ಕ ತಪ್ಪೋದು ಬಹಳಾಗಿ ಶೌಚಾಲಯದ ಹೊತ್ತಿನ್ಯಾಗ. ಇಬ್ಬಿಬ್ಬರನ್ನೇ ಕಳಿಸ್ರಿ, ಅವರು ಬಂದಮ್ಯಾಲ ಮುಂದಿನವರು.

ಬೀದರ್‌ನಾಗ ತರಬೇತಿಯ ಹಾಕ್ ಜೆಟ್‌ಗಳು ಹಾರ್ತಾವ, ಆಗ ಕೂಗು ಕೇಳಂಗಿಲ್ಲ. ಕೈ ಮ್ಯಾಲೆತ್ತಿದ್ರ ಎಲ್ಲರೂ ನಿಂತಲ್ಲೇ ಕೂಡಬೇಕು ಅನ್ನೋ ಸನ್ನೆ ಮೊದಲ ದಿನವೇ ರೂಢಿ ಮಾಡಿಸ್ರಿ.

ಸಂಜಿಗೆ ಮಗುವನ್ನ ಒಪ್ಪಿಸೋದು ನೋಂದಣಿ ಫಾರಂನಾಗ ಹೆಸರಿದ್ದವರಿಗೆ ಮಾತ್ರ. ‘ಪಕ್ಕದ ಮನಿ ಆಂಟಿ’ ಅಂತ ಮಗು ಗುರುತು ಹಿಡಿದ್ರೂ ತಾಯಿಗೆ ಫೋನ್ ಹಚ್ಚದ ಬಿಡಬ್ಯಾಡ್ರಿ. ಒಂದೇ ಮಗುವಿನ ಜೋಡಿ ಬಾಗಿಲು ಮುಚ್ಚಿದ ಕೋಣೆಯೊಳಗ ಇರಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರ ಪೊಲೀಸರಿಗೆ ತಿಳಿಸೋದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ, ಮೇಲಿನವರಿಗೆ ಹೇಳಿ ಸುಮ್ಮನಾದ್ರ ಸಾಲದು. ಮಕ್ಕಳ ಸಹಾಯವಾಣಿ 1098.

ಉತ್ತರ (ಹುಮನಾಬಾದ್)
ಬಿಸಿಲಿನ ಮಾತು ಯಾರೂ ಹೇಳಿಲ್ಲ. ಮೇ ತಿಂಗಳಾಗ ಮೈದಾನದ ಆಟ 9 ಗಂಟೆಯೊಳಗ ಮುಗಿಸ್ರಿ. ನೀರಡಿಕಿ ಆಗೇದೇನು ಅಂತ ಕೇಳಬ್ಯಾಡ್ರಿ, ಆಟದ ಗುಂಗಿನ್ಯಾಗ ಎಲ್ಲರೂ ‘ಇಲ್ಲ’ ಅಂತಾವ. 20 ನಿಮಿಷಕ್ಕೊಮ್ಮೆ ನಿಲ್ಲಿಸಿ ಕುಡಿಸಬೇಕು. ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ; ಒಂದು ಗ್ಲಾಸಿಗೆ ಅಂದಾಜಿನ ಮ್ಯಾಲ ಸುರಿದ್ರ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಮಗು ತಲಿನೋವು, ವಾಕರಿಕಿ ಅಂದ್ರ ನೆರಳಿಗೆ ತರ್ರಿ. ಮೈ ಸುಡ್ತದ, ಮಾತು ತಡವರಿಸ್ತದ ಅಂದ್ರ ಅದು ಲೂ (ಬಿಸಿಲಿನ ಹೊಡೆತ) ಬಡಿದದ್ದು: 108ಕ್ಕೆ ಫೋನ್ ಮಾಡಿ, ಅಂಬುಲೆನ್ಸ್ ಬರೋತನಕ ಮೈ ತುಂಬ ನೀರು ಹಾಕಿ ಗಾಳಿ ಬೀಸ್ರಿ. ಜ್ವರದ ಗುಳಿಗಿ ಇದಕ್ಕ ಕೆಲಸ ಮಾಡಂಗಿಲ್ಲ. ಎಚ್ಚರ ತಪ್ಪಿದ್ರ ಬಾಯಿಗೆ ನೀರು ಹಾಕಲೇಬ್ಯಾಡ್ರಿ.

ಪ್ರಶ್ನೆ ಕೇಳಿದವರು
ಬಾಳ ಉಪಕಾರ ಆಯ್ತ್ರಿ. ಶಿಬಿರದ ಮಕ್ಕಳ ಜೋಡಿ ಮಾತಾಡಾಕ ಹಿಂದಿ ಅಷ್ಟೇ ಸಾಕೇನ್ರಿ?

ಉತ್ತರ (ಕಲಬುರಗಿ)
ನಮ್ಮ ಕಡಿ ದಖನಿ ಉರ್ದು ಕೇಳಿ ಬೆಳೆದವರಿಗೆ ಹಿಂದಿ ತ್ರಾಸಿಲ್ಲ. ಆದ್ರ ಕೇರಳ, ತಮಿಳುನಾಡಿನ ಸಣ್ಣ ಮಕ್ಕಳು ಹೊಟ್ಟಿನೋವು ಅನ್ನೋದನ್ನ ಮನಿ ಮಾತಿನ್ಯಾಗೇ ಹೇಳ್ತಾವ. ಆ ಪದ, ಶೌಚಕ್ಕ ಏನಂತಾವ ಅನ್ನೋ ಪದ, ಎರಡನ್ನೂ ಮೊದಲ ದಿನ ತಾಯಿಗೆ ಕೇಳಿ ಹಾಜರಿ ಪುಸ್ತಕದಾಗ ಮಗುವಿನ ಹೆಸರಿನ ಮುಂದ ಕನ್ನಡದಾಗ ಬರಕೊಳ್ರಿ.