‘ಇಂಟ್ರಾಕೋಸ್ಟಲ್ ವಾಟರ್‌ವೇ’ಗೆ ಹಿನ್ನೀರು ಬೇಡ; ‘ಹಾಯಿ’ ಬಗ್ಗೆಯೂ ಒಂದು ಮಾತು

ಅಮೆರಿಕದ ಪೂರ್ವ ಕರಾವಳಿಯ ಒಂದು ದೋಣಿಪಯಣದ ಕಥೆಯನ್ನು ಅನುವಾದಿಸುತ್ತಿದ್ದೀರಿ; ಅದರಲ್ಲಿ ಬರುವ, ಕಡಲ ದಂಡೆಗೆ ಒಳಗಿನಿಂದ ಸಾಗುವ ‘ಇಂಟ್ರಾಕೋಸ್ಟಲ್ ವಾಟರ್‌ವೇ’ ಎಂಬ ದೋಣಿದಾರಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಇಲ್ಲಿ ಕೇಳಿದ್ದೀರಿ. ನಾಳೆ ಸಂಜೆಯೊಳಗೆ ಅನುವಾದ ಕಳಿಸಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದ, ಆಮೇಲೆ ವಾದ.

ಮೊದಲ ಸಲ ಬರುವಲ್ಲಿ ‘ಇಂಟ್ರಾಕೋಸ್ಟಲ್ ವಾಟರ್‌ವೇ ಎಂಬ ಕರಾವಳಿಯ ಒಳನೀರುದಾರಿ’ ಎಂದು ಬರೆಯಿರಿ. ಮುಂದೆ ಬರೀ ‘ಒಳದಾರಿ’ ಸಾಕು. ಗಂಡ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ನಾರ್ಫೋಕ್‌ನಿಂದ ಮಯಾಮಿ ತನಕ ಹೋಗುವ ಕಥೆ ಇದು. ಪುಟಪುಟಕ್ಕೂ ಆ ಪದ ಬರುತ್ತದೆ. ನಾಲಿಗೆಗೆ ತೊಡರುವ ಪದ ಕೊಟ್ಟರೆ ಓದುವವರು ಹತ್ತನೇ ಪುಟಕ್ಕೇ ಕೈಬಿಡುತ್ತಾರೆ.

ಇಲ್ಲಿ ಬಂದ ಬೇರೆ ಸಲಹೆಗಳನ್ನು ನೋಡಿದೆ. ‘ಅಂತರಕರಾವಳಿ ಜಲಮಾರ್ಗ’ ತಪ್ಪು. ಅಂತರರಾಜ್ಯ ಅಂದರೆ ರಾಜ್ಯ ರಾಜ್ಯಗಳ ನಡುವಿನದು ಅಲ್ವಾ? ಇದು ಎರಡು ಕರಾವಳಿಗಳ ನಡುವಿನ ದಾರಿಯಲ್ಲ. ‘ಒಳನಾಡು ಜಲಮಾರ್ಗ’ ಸರ್ಕಾರಿ ಕಾಗದಕ್ಕೆ ಸರಿ. ಕೇರಳದಲ್ಲೂ ‘ಉಳ್‌ನಾಡನ್’ ಅಂತಲೇ ಬರೆಯುತ್ತಾರೆ. ಆದರೆ ಒಳನಾಡು ಅಂದ ಕೂಡಲೇ ಕಣ್ಣಿಗೆ ಬರುವುದು ಕಡಲಿನಿಂದ ದೂರದ ಊರು. ಈ ದೋಣಿಗೆ ಬಹಳ ಕಡೆ ಕಡಲು ಪಕ್ಕದಲ್ಲೇ ಇದೆ. ನಡುವೆ ಒಂದು ಮರಳಿನ ಪಟ್ಟಿ, ಅಷ್ಟೇ.

ಇನ್ನೊಂದು ಸಲಹೆ ‘ಹಿನ್ನೀರು’. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಘಟ್ಟದ ಮೇಲಿನವರಿಗೆ ಹಿನ್ನೀರು ಅಂದರೆ ಅಣೆಕಟ್ಟು ತಡೆದು ನಿಲ್ಲಿಸಿದ ನೀರು. ಲಿಂಗನಮಕ್ಕಿ ಹಿನ್ನೀರು, ಕೆಆರ್‌ಎಸ್ ಹಿನ್ನೀರು. ಆ ಪದದ ತಳದಲ್ಲಿ ಮುಳುಗಿದ ಗದ್ದೆ ಮನೆಗಳಿವೆ. ನಮ್ಮ ಕಾಸರಗೋಡು ಜಿಲ್ಲೆಯ ಒಂದು ದೋಣಿಕಟ್ಟೆಯಲ್ಲಿ, ಕಡಲಿಗೂ ಊರಿಗೂ ನಡುವಿನ ನೀರಾದ ಕಾಯಲ್‌ಗೆ ‘ಹಿನ್ನೀರು’ ಎಂದು ಬೋರ್ಡ್ ಹಾಕಿದ್ದರು. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದಿದ್ದ ನೆಂಟರು ಅದನ್ನು ಓದಿ ‘ಡ್ಯಾಮ್ ಯಾವ ಕಡೆ?’ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಅವರ ಕನ್ನಡದಲ್ಲಿ ಆ ಪದಕ್ಕೆ ಬೇರೆ ಅರ್ಥವೇ ಇಲ್ಲ.

ಅಮೆರಿಕದ ಆ ದಾರಿ ಹೇಗಿದೆ ಎಂದು ಕಣ್ಣಾರೆ ನೋಡಬೇಕಾದರೆ ನಮ್ಮ ಜಿಲ್ಲೆಯ ನೀಲೇಶ್ವರದ ಕೋಟಪ್ಪುರಂ ಕಟ್ಟೆಯಲ್ಲಿ ದೋಣಿ ಹತ್ತಿ ತೆಂಕು ಮುಖಕ್ಕೆ ವಲಿಯಪರಂಬದ ಕಡೆ ಬನ್ನಿ. ಎಡಕ್ಕೆ ಊರು. ಬಲಕ್ಕೆ ತೆಂಗು ತುಂಬಿದ ಕಿರಿದಾದ ಮರಳುಪಟ್ಟಿ. ಅದರ ಆಚೆ ಕಡಲು, ಕಾಣದಿದ್ದರೂ ಸದ್ದು ಕೇಳುತ್ತದೆ. ನಾನು ಹೋದಾಗ ದೋಣಿಯವರು ಗಳ ಊರಿ ಊರಿ ಎತ್ತುತ್ತಿದ್ದರು. ಒಂದು ಕಡೆ ಆಳೆತ್ತರ ಒದ್ದೆ, ಹತ್ತು ಮಾರು ಮುಂದೆ ಮೊಣಕಾಲಿನಷ್ಟೇ ಒದ್ದೆ. ನೀರಿನ ಮೇಲೆ ಮಾತ್ರ ಯಾವ ಗುರುತೂ ಇಲ್ಲ. ನಿಮ್ಮ ಕಥೆಯ ದಂಪತಿ ಹೆದರುವುದು ಇದಕ್ಕೇ. ಒಂದು ಎಚ್ಚರ: ತೆಂಕು ಮುಖಕ್ಕೆ ಹೋಗುವಾಗ ನಮಗೆ ಕಡಲು ಬಲಕ್ಕೆ, ಅವರಿಗೆ ಎಡಕ್ಕೆ. ಅನುವಾದದ ಭರದಲ್ಲಿ ತಿರುವಿ ಹಾಕಬೇಡಿ. ಇನ್ನೊಂದು: ನಾರ್ಫೋಕ್‌ನಿಂದ ಮಯಾಮಿಗೆ ಸುಮಾರು 1,090 ಮೈಲಿ ಅನ್ನುವುದು ನೆಲದ ಮೈಲಿ, ಕಡಲ ಮೈಲಿ ಅಲ್ಲ. ಅಂದರೆ ಸುಮಾರು 1,750 ಕಿಲೋಮೀಟರ್. ದೋಣಿಯ ಕಥೆ ಅಂತ ಕಡಲ ಮೈಲಿಯ 1.85ರಿಂದ ಗುಣಿಸಿದರೆ ಲೆಕ್ಕ ಕೆಡುತ್ತದೆ.

ಈಗ ಹಾಯಿ. ‘ನೀರನ್ನು ಹಾಯುವುದರಿಂದ ಹಾಯಿ’ ಎಂದು ಇಲ್ಲಿ ಒಬ್ಬ ಸದಸ್ಯರು ಬರೆದಿದ್ದಾರೆ. ಒಪ್ಪುವುದಿಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೇ ‘ಹಾಯು’ ಕ್ರಿಯಾಪದವೂ ‘ಹಾಯಿ’ ನಾಮಪದವೂ ಹಿಂದೆ ಪಕಾರದವೇ. ಬರೀ ಸದ್ದು ನೋಡಿದರೆ ಎರಡೂ ಒಂದೇ ಅನಿಸುತ್ತದೆ. ಅರ್ಥವನ್ನು ಅಕ್ಕಪಕ್ಕದಲ್ಲಿ ಕೇಳಿ. ಮಲಯಾಳದ ‘ಪಾಯ’ ಚಾಪೆಯೂ ಹೌದು, ಹಾಯಿಯೂ ಹೌದು. ತಮಿಳಿನ ‘ಪಾಯ್’ ಕೂಡ ಹಾಗೇ. ಹಾಯಿ ಕಟ್ಟುವ ಕಂಬ ‘ಪಾಯ್‌ಮರಂ’. ನಮ್ಮ ಪಕ್ಕದ ಮನೆಯ ಅಜ್ಜಿ ಮುಂಡುಕದ ಓಲೆಯ ಚಾಪೆ ಬಿಡಿಸಿ ಅಂಗಳದಲ್ಲಿ ಕೊಡವುವಾಗ ಗಾಳಿಗೆ ಅದು ಉಬ್ಬಿ ಕೈಯಿಂದ ಜಾರುತ್ತಿತ್ತು. ‘ಪಾಯ ಪಿಡಿಕ್ಕ್’ ಎಂದು ಕೂಗುತ್ತಿದ್ದರು. ನಾನು ಓಡಿ ಹೋಗಿ ಇನ್ನೊಂದು ತುದಿ ಹಿಡಿಯುತ್ತಿದ್ದೆ. ಹಾಯಿ ಅಂದರೆ ಗಾಳಿ ಹಿಡಿದ ಚಾಪೆ. ನನಗೆ ಇದರಲ್ಲಿ ಅನುಮಾನವಿಲ್ಲ.

ಇದನ್ನು ಬೆಳೆಸುವುದಕ್ಕೆ ಕಾರಣವಿದೆ. ‘ಕಾಯಲ್ ಮಲಯಾಳ, ಕನ್ನಡಕ್ಕೆ ತರಬೇಡಿ’ ಎಂದು, ಹಾಯಿಯ ಬಗ್ಗೆ ಬರೆದ ಅದೇ ಸದಸ್ಯರು ಒಂದು ಸಾಲಿನಲ್ಲಿ ಮುಗಿಸಿದ್ದಾರೆ. ಅಮೆರಿಕದ ನೀರಿಗೆ ಕಾಯಲ್ ಅನ್ನಿ ಎಂದು ನಾನೂ ಹೇಳುವುದಿಲ್ಲ. ಆದರೆ ನಮ್ಮೂರಿನ ಕಾಯಲ್‌ಗೆ ಕಾಯಲ್ ಅನ್ನದೆ ಏನನ್ನಬೇಕು? ಕಳೆದ ಸಲ ‘ತೋಡು’ ಬರೆದಾಗಲೂ ಇದೇ ಮಾತು ಕೇಳಿದೆ. ಬಾವಿ ತೋಡುವುದು ಕನ್ನಡ ಅಲ್ವಾ? ಮಳೆನೀರು ಹರಿಯಲು ತೋಡಿದ ಜಾಗಕ್ಕೆ ನಾವು ತೋಡು ಅಂದರೆ ಅದು ಹೇಗೆ ಪರಭಾಷೆ? 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಇಲ್ಲಿನ ಬೋರ್ಡ್‌ಗಳಲ್ಲಿ ಕನ್ನಡ ಉಳಿಸಿಕೊಳ್ಳಲು ಹೆಣಗುತ್ತಿದ್ದೇವೆ. ಮನೆಮಾತಿನ ಪದಗಳನ್ನು ಬೆಂಗಳೂರಿನಿಂದ ಯಾರೋ ಸುಮ್ನೆ ಮಲಯಾಳಕ್ಕೆ ಬರೆದುಕೊಟ್ಟರೆ ಹೊಟ್ಟೆ ಉರಿಯುತ್ತದೆ. ಮಲಯಾಳದಲ್ಲಿ ಇದ್ದದ್ದೆಲ್ಲ ಮಲಯಾಳದಿಂದ ಬಂದದ್ದಲ್ಲ. ನಿಜವಾಗಿ ಬಂದದ್ದಿದ್ದರೂ ನೆರೆಮನೆಯಿಂದ ಬಂದದ್ದು. ಸಂಸ್ಕೃತದಿಂದ ಬಂದ ‘ಜಲಮಾರ್ಗ’ಕ್ಕೆ ಇಲ್ಲದ ತಕರಾರು ಅದಕ್ಕೆ ಯಾಕೆ?

ಅನುವಾದಕ್ಕೆ ಬರೋಣ. ನಿಮ್ಮ ಕರಡಿನಲ್ಲಿ ಎಲ್ಲ ಕಡೆ ‘ಹಾಯಿ ಬಿಚ್ಚಿ ಹೊರಟರು’ ಎಂದು ಹಾಕಿದ್ದೀರಿ. ಹಾಗೆ ಬೇಡ. ಒಳದಾರಿಯ ಕಾಲುವೆ ಇಕ್ಕಟ್ಟಾದ ಕಡೆ ಹಾಯಿದೋಣಿಗಳೂ ಎಂಜಿನ್ ಹಾಕಿಕೊಂಡೇ ಹೋಗುತ್ತವೆ. ಇಂಗ್ಲಿಷಿನಲ್ಲಿ ‘ಸೇಲ್ಡ್’ ಅಂತ ಇದ್ದ ಮಾತ್ರಕ್ಕೆ ಹಾಯಿ ಎತ್ತಿದ್ದರು ಅಂತಲ್ಲ. ‘ಸಾಗಿದರು’, ‘ಹೊರಟರು’ ಸಾಕು. ದೋಣಿ ಮರಳಿಗೆ ಸಿಕ್ಕಿಕೊಂಡಲ್ಲಿ ‘ತಳ ತಾಗಿತು’ ಎನ್ನಿ. ‘ನೆಲಕಚ್ಚಿತು’ ಅಂದರೆ ದೋಣಿಯೇ ಹಾಳಾದ ಹಾಗೆ ಕೇಳುತ್ತದೆ. ‘ಮಾಸ್ಟ್’ಗೆ ನಿಘಂಟಿನಲ್ಲಿ ‘ಕೂವೆಮರ’ ಇದೆ. ಚಂದದ ಪದ, ನನಗೆ ಇಷ್ಟ. ಆದರೆ ಇಲ್ಲಿ ‘ಹಾಯಿಕಂಬ’ ಹಾಕಿ. ಆ ದಾರಿಯ ಎತ್ತರದ ಸೇತುವೆಗಳ ಕೆಳಗೆ ಸಾಮಾನ್ಯವಾಗಿ ಬಿಡುವ ಜಾಗ 65 ಅಡಿ. ಕಂಬ ತಾಗುತ್ತದೋ ಇಲ್ಲವೋ ಎಂದು ಇಬ್ಬರೂ ಕತ್ತೆತ್ತಿ ನೋಡುವ ಹೊತ್ತಿನಲ್ಲಿ ಓದುಗರು ಪದದ ಅರ್ಥ ಹುಡುಕುತ್ತಾ ಕೂರಬಾರದು.

ಆ ಸೇತುವೆಯ ಪ್ಯಾರಾ ಪೂರ್ತಿ ಇಲ್ಲಿ ಹಾಕಿ. ಬೆಳಿಗ್ಗೆ ಹತ್ತರೊಳಗೆ ಹಾಕಿದರೆ ಮಧ್ಯಾಹ್ನಕ್ಕೆ ನೋಡಿ ಹೇಳುತ್ತೇನೆ.